ಡೇಟಾಬೇಸ್ ಕೋರ್ಸಿಗೆ ಹಣ ಕಟ್ಟುವ ಮೊದಲು ಡಿಸೋಜಾ ಎಂಬ ಹೆಸರು ಹಾಕಿ ನೋಡಿ

ಮಂಗಳೂರಿನಲ್ಲಿ ಡೇಟಾಬೇಸ್ ಕಲಿಯಲು ಹೊರಟಿರುವವರೂ ಅವರ ಮನೆಯವರೂ ದಯವಿಟ್ಟು ಇದನ್ನು ಓದಿ. ನನ್ನ ಅಕ್ಕನ ಮಗಳು ಬಿ.ಕಾಂ. ಮುಗಿಸಿ ನಗರದ ಒಂದು ತರಬೇತಿ ಕೇಂದ್ರಕ್ಕೆ ಸೇರಿದ್ದಳು. ಡೆಸ್ಕ್‌ಟಾಪ್‌ಗೂ ವೆಬ್‌ಗೂ ಡೇಟಾಬೇಸ್ ವಿನ್ಯಾಸ ಮತ್ತು ಪ್ರೋಗ್ರಾಮಿಂಗ್ ಕಲಿಸುತ್ತೇವೆ ಎಂದು ಕರಪತ್ರದಲ್ಲಿತ್ತು. ಉಡುಪಿಯಿಂದ ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದವರೆಗೆ ದಿನವೂ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಶುಲ್ಕವನ್ನು ಮೊದಲೇ ಪೂರ್ತಿ ಕಟ್ಟಿಸಿಕೊಂಡಿದ್ದರು.

ನಾನು ಅಂಗಡಿಗಳಿಗೆ, ಸಹಕಾರಿ ಸಂಘಗಳಿಗೆ ಲೆಕ್ಕದ ತಂತ್ರಾಂಶ ಬರೆದುಕೊಡುವವನು. ಕೋರ್ಸು ಮುಗಿಯುವ ಹೊತ್ತಿಗೆ ಅವಳು, "ಮಾವ, ಇದನ್ನೊಮ್ಮೆ ನೋಡಿ ಹೇಳಿ" ಎಂದು ತನ್ನ ಪ್ರಾಜೆಕ್ಟ್ ತಂದಳು. ಶಾಲೆಯ ಶುಲ್ಕ ವಸೂಲಿಯ ಪ್ರೋಗ್ರಾಂ. ಕೇಂದ್ರದವರು ಎಲ್ಲರಿಗೂ ಕೊಟ್ಟ ಒಂದೇ ಮಾದರಿ. ವಿದ್ಯಾರ್ಥಿಯ ಹೆಸರಿನ ಜಾಗದಲ್ಲಿ ನಾನು ಇಂಗ್ಲಿಷಿನಲ್ಲಿ, ಅಪಾಸ್ಟ್ರಫಿ ಸಮೇತ, ಡಿಸೋಜಾ (D'Souza) ಎಂದು ಟೈಪ್ ಮಾಡಿ ಸೇವ್ ಒತ್ತಿದೆ. ಪರದೆಯ ತುಂಬ ದೋಷದ ಸಂದೇಶ.

"ಆ ಗುರುತು ಹಾಕಬಾರದು ಮಾವ, ಕೂಡಿಸಿ ಬರೆಯಬೇಕು ಎಂದು ಸರ್ ಹೇಳಿದ್ದಾರೆ" ಎಂದಳು.

ಡಿಸೋಜಾ, ಡಿಸಿಲ್ವಾ, ಡಿಕುನ್ಹಾ ಇಲ್ಲದ ಶಾಲೆ ಮಂಗಳೂರಿನಲ್ಲಿ ಎಲ್ಲಿದೆ? ಇದು ಹೆಸರಿನ ತೊಂದರೆಯೇ ಅಲ್ಲ. ಟೈಪ್ ಮಾಡಿದ್ದನ್ನು ಆ ಪ್ರೋಗ್ರಾಂ ಹಾಗೆಯೇ ಎತ್ತಿ ಎಸ್‌ಕ್ಯೂಎಲ್ (ಡೇಟಾಬೇಸಿಗೆ ಕೆಲಸ ಹೇಳುವ ಭಾಷೆ) ಆಜ್ಞೆಯ ಉದ್ಧರಣ ಚಿಹ್ನೆಗಳ ನಡುವೆ ಅಂಟಿಸುತ್ತದೆ. ಹೆಸರಿನೊಳಗಿನ ಅಪಾಸ್ಟ್ರಫಿ ಸಿಕ್ಕಿದೊಡನೆ ಹೆಸರು ಅಲ್ಲಿಗೇ ಮುಗಿಯಿತೆಂದು ಡೇಟಾಬೇಸ್ ತಿಳಿಯುತ್ತದೆ, ಉಳಿದದ್ದನ್ನು ಆಜ್ಞೆಯೆಂದು ಓದುತ್ತದೆ. ಕೇಡು ಬಗೆಯುವವನು ಅದೇ ಜಾಗದಲ್ಲಿ ತನಗೆ ಬೇಕಾದ ಆಜ್ಞೆ ತುರುಕಿ ಎಲ್ಲ ಮಕ್ಕಳ ವಿವರ ಹೊರತೆಗೆಯಬಹುದು. ಎಸ್‌ಕ್ಯೂಎಲ್ ಇಂಜೆಕ್ಷನ್ ಎನ್ನುವುದು ಇದನ್ನೇ. ಹೆಸರನ್ನು ಆಜ್ಞೆಯಿಂದ ಬೇರೆಯಾಗಿ, ಪ್ಯಾರಾಮೀಟರ್ ಆಗಿ ಕಳುಹಿಸಿದರೆ ಆಯಿತು. ಒಂದೆರಡು ಸಾಲಿನ ಕೆಲಸ. ಕೋರ್ಸಿನುದ್ದಕ್ಕೂ ಆ ಮಾತು ಬಂದಿರಲಿಲ್ಲ.

ಬರಲು ಸಾಧ್ಯವೂ ಇರಲಿಲ್ಲವೇನೋ, ಪಾಠವೇ ಅಷ್ಟು ಹಳೆಯದು. ವೆಬ್ ಪಾಠದಲ್ಲಿ ಅವರು ಕಲಿಸಿದ, ಪಿಎಚ್‌ಪಿ ಎಂಬ ವೆಬ್ ಭಾಷೆಯಿಂದ ಮೈಎಸ್‌ಕ್ಯೂಎಲ್ ಡೇಟಾಬೇಸನ್ನು ತಲುಪುವ ಹಳೆಯ ಫಂಕ್ಷನ್‌ಗಳನ್ನು 2015ರಲ್ಲಿ ಪಿಎಚ್‌ಪಿ 7 ಬಂದಾಗಲೇ ಭಾಷೆಯಿಂದ ತೆಗೆದುಹಾಕಲಾಗಿದೆ. ಡೆಸ್ಕ್‌ಟಾಪ್ ಪಾಠ 1998ರ ವಿಷುಯಲ್ ಬೇಸಿಕ್ 6 ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ. ಅದರಲ್ಲಿ ಪ್ರೋಗ್ರಾಂ ಬರೆಯುವ ಸಲಕರಣೆಗೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು 2008ರಲ್ಲಿ.

ನನಗೆ ಹೆಚ್ಚು ಸಿಟ್ಟು ಬಂದದ್ದು ಆ ಪ್ರಾಜೆಕ್ಟಿನಲ್ಲಿ ಮಾಹಿತಿ ತುಂಬಿಡುವ ಟೇಬಲ್ (ಕೋಷ್ಟಕ) ನೋಡಿ. ಇದ್ದದ್ದು ಒಂದೇ ಟೇಬಲ್: ಹೆಸರು, ತರಗತಿ, ತಂದೆಯ ಫೋನ್, ಕಂತು 1, ಕಂತು 2, ಕಂತು 3. ಯಾರಾದರೂ ನಾಲ್ಕನೆಯ ಕಂತು ಕಟ್ಟಿದರೆ ಕಾಲಂ ಸೇರಿಸಬೇಕು, ಪ್ರೋಗ್ರಾಂ ತಿದ್ದಬೇಕು. ಅಣ್ಣ ತಂಗಿ ಒಂದೇ ಶಾಲೆಯಲ್ಲಿದ್ದರೆ ತಂದೆಯ ಫೋನ್ ಎರಡು ಕಡೆ. ಒಂದು ಕಡೆ ಬದಲಿಸಿದರೆ ಇನ್ನೊಂದು ಕಡೆ ಹಳೆಯದೇ. ಕಂತುಗಳಿಗೆ, ಪೋಷಕರಿಗೆ ಬೇರೆ ಬೇರೆ ಟೇಬಲ್ ಮಾಡಿ ಕೀಗಳಿಂದ (ಪ್ರತಿ ಸಾಲನ್ನು ಗುರುತಿಸುವ ಸಂಖ್ಯೆಗಳಂಥವು) ಜೋಡಿಸುವುದೇ ಈ ವಿದ್ಯೆಯ ಜೀವಾಳ. ಇದಕ್ಕೆ ನಾರ್ಮಲೈಸೇಶನ್ ಎನ್ನುತ್ತಾರೆ. ಗಣಕ ವಿಜ್ಞಾನಿ ಎಡ್ಗರ್ ಕಾಡ್ 1970ರ ಪ್ರಬಂಧದಲ್ಲೇ ಅದಕ್ಕೆ ಅಡಿಪಾಯ ಹಾಕಿದ್ದರು. ಕೇಂದ್ರದ ಪಠ್ಯಕ್ರಮದಲ್ಲಿ ಆ ಪದವಿತ್ತು, ಪಾಠವಿರಲಿಲ್ಲ. ರೂಪಾಯಿ ಲೆಕ್ಕವೂ ಫ್ಲೋಟ್‌ನಲ್ಲಿ, ಅಂದರೆ ಭಿನ್ನರಾಶಿಯನ್ನು ಅಂದಾಜಾಗಿ ಇಡುವ ಸಂಖ್ಯಾ ರೂಪದಲ್ಲಿ! ಹತ್ತು ಪೈಸೆಯನ್ನೂ ಕರಾರುವಾಕ್ಕಾಗಿ ಹಿಡಿದಿಡಲಾಗದ ವಿಧಾನವದು. ಹಣಕ್ಕೆ ಪೈಸೆಯನ್ನೂ ನಿಖರವಾಗಿ ಇಡುವ ಡೆಸಿಮಲ್ ರೂಪ ಬೇಕು.

ಹಾಗಾಗಿ ಎಲ್ಲಿಯೇ ಸೇರುವುದಿದ್ದರೂ ಮೊದಲು ಒಂದು ತರಗತಿಯಲ್ಲಿ ಕುಳಿತು ನೋಡಿ. ಹಿಂದಿನ ವಿದ್ಯಾರ್ಥಿಯ ಪ್ರಾಜೆಕ್ಟ್ ತೋರಿಸಲು ಹೇಳಿ, ಅದರಲ್ಲಿ ಅಪಾಸ್ಟ್ರಫಿ ಇರುವ ಹೆಸರನ್ನೂ ಕನ್ನಡದ ಹೆಸರನ್ನೂ ನೀವೇ ಟೈಪ್ ಮಾಡಿ. ಕನ್ನಡದ ಬದಲು ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬಂದರೆ ಅಲ್ಲಿಂದ ಎದ್ದು ಬನ್ನಿ. ಕಲಿಯಲು ದುಬಾರಿ ತಂತ್ರಾಂಶವೂ ಬೇಡ. ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ತಂತ್ರಾಂಶ ಉಚಿತ, ಇಡೀ ಡೇಟಾಬೇಸ್ ಒಂದೇ ಫೈಲಿನಲ್ಲಿರುತ್ತದೆ. ಡೆಸ್ಕ್‌ಟಾಪ್ ಅಭ್ಯಾಸಕ್ಕೆ ಅಷ್ಟು ಸಾಕು. ವೆಬ್‌ಗೆ ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ ಇದೆ, ಅದೂ ಉಚಿತ. ಅಕ್ಕನ ಮಗಳು ಈಗ ಮನೆಯಲ್ಲೇ ಮೊದಲಿನಿಂದ ಕಲಿಯುತ್ತಿದ್ದಾಳೆ.

ಕೇಂದ್ರದವರು ಹಣ ಹಿಂದಿರುಗಿಸಲು ಒಪ್ಪಲಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದ್ದೇವೆ. ನೀವೂ ಇಂಥ ಕಡೆ ಹಣ ಕಟ್ಟಿದ್ದರೆ ರಸೀದಿ, ಕರಪತ್ರ, ಪಠ್ಯಕ್ರಮದ ಪ್ರತಿ ಯಾವುದನ್ನೂ ಎಸೆಯಬೇಡಿ. ದೂರಿಗೆ ಅವೇ ಆಧಾರ.