ಕಂಪ್ರೆಷನ್ ಸ್ಟಾಕಿಂಗ್ಸ್: ಎರಡು ವರ್ಷ ಹಾಕಿ ನೋಡಿದ ಮೇಲೆ

ನಾನು ದಾವಣಗೆರೆಯಲ್ಲಿ ಹೈಸ್ಕೂಲ್ ಗಣಿತ ಟೀಚರ್. ದಿನಕ್ಕೆ ಐದು ಪೀರಿಯಡ್, ಎಲ್ಲಾ ನಿಂತೇ. ಎಡಗಾಲಿನ ಮೀನಖಂಡದಲ್ಲಿ ನೀಲಿ ನರಗಳು ಹುರಿಯ ಹಾಗೆ ಉಬ್ಬಿದ್ದವು. ಸಂಜೆ ಪಾದದ ಮೇಲೆ ಬೆರಳಿಟ್ಟು ಒತ್ತಿದರೆ ಗುಳಿ ಬೀಳುತ್ತಿತ್ತು.

ಕಾಲಿನ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸಿದ ಡಾಕ್ಟರ್, "ನಿಮ್ಮ ಮನೇಲಿ ಪಂಪ್‌ಸೆಟ್ ಇದೆಯಾ?" ಅಂತ ಕೇಳಿದರು. ಫುಟ್‌ವಾಲ್ವ್ ಹಾಳಾದರೆ ಪೈಪಿಗೆ ಏರಿದ ನೀರು ವಾಪಸ್ ಇಳಿಯುತ್ತದಲ್ಲ, ಕಾಲಿನಲ್ಲೂ ಅದೇ ಕಥೆಯಂತೆ. ನಡೆಯುವಾಗ ಮೀನಖಂಡ ಹಿಂಡಿ ರಕ್ತವನ್ನು ಮೇಲಕ್ಕೆ ಕಳಿಸುತ್ತದೆ. ನರದೊಳಗಿನ ಕವಾಟ ಸಡಿಲವಾದರೆ ಅದು ಮತ್ತೆ ಕೆಳಗೇ ಬಂದು ನಿಲ್ಲುತ್ತದೆ. ಅದಕ್ಕೇ ಈ ಕಂಪ್ರೆಷನ್ ಸ್ಟಾಕಿಂಗ್ಸ್, ಅಂದರೆ ಕಾಲನ್ನು ಒತ್ತಿ ಹಿಡಿಯುವ ಉದ್ದ ಕಾಲುಚೀಲ. ಪಾದದ ಗಂಟಿನ ಹತ್ತಿರ ಜಾಸ್ತಿ ಬಿಗಿ, ಮೇಲೆ ಹೋದ ಹಾಗೆ ಕಡಿಮೆ. ಹಾಗಾಗಿ ರಕ್ತ ಮೇಲೆ ಹೋಗುವುದು ಸುಲಭವಾಗುತ್ತದೆ.

ಮೊದಲ ಜೋಡಿ ದುಡ್ಡು ದಂಡ. ಅಂಗಡಿಯವನು ಚಪ್ಪಲಿ ಸೈಜ್ ಕೇಳಿ ಒಂದು ಡಬ್ಬ ಕೊಟ್ಟ. ಮೊಣಕಾಲಿನ ಕೆಳಗೆ ಸುರುಳಿಯಾಗಿ ಸುತ್ತಿಕೊಂಡು ದಾರ ಕಟ್ಟಿದ ಹಾಗೆ ಗೀರು ಬಿತ್ತು, ಊತ ಇನ್ನೂ ಜಾಸ್ತಿಯಾಯಿತು. ಆಮೇಲೆ ಗೊತ್ತಾಯಿತು, ಅಳತೆ ಬೆಳಿಗ್ಗೆ, ಕಾಲು ಊದುವ ಮೊದಲೇ ತೆಗೆಯಬೇಕು. ಗಂಟಿನ ಮೇಲೆ ಕಾಲು ಅತಿ ಸಣ್ಣಗಿರುವ ಕಡೆ ಒಂದು, ಮೀನಖಂಡ ಅತಿ ದಪ್ಪಗಿರುವ ಕಡೆ ಒಂದು, ಹಿಮ್ಮಡಿಯಿಂದ ಮೊಣಕಾಲಿನ ಕೆಳಗಿನವರೆಗೆ ಉದ್ದ. ಡಾಕ್ಟರ್ ನನಗೆ ಬರೆದುಕೊಟ್ಟ ಬಿಗಿಯ ಮಟ್ಟ ಕ್ಲಾಸ್ 2, ಅಂದರೆ 23–32 ಎಂಎಂಎಚ್‌ಜಿ ಒತ್ತಡ. ಬಿಪಿ ಅಳೆಯುವ ಲೆಕ್ಕವೇ ಇದು. ಕಂಪನಿ ಹೆಸರಿಗಿಂತ ಡಬ್ಬದ ಮೇಲೆ ಈ ನಂಬರ್ ಇದೆಯಾ ನೋಡಿ.

ಇನ್ನು ಹಾಕುವ ಕಷ್ಟ. ಮೊದಲ ವಾರ ಒಂದು ಕಾಲಿಗೆ ಹತ್ತು ನಿಮಿಷ! ಈಗ ಹಿಮ್ಮಡಿಯವರೆಗೆ ಉಲ್ಟಾ ಮಾಡಿಕೊಂಡು, ಪಾದ ತೂರಿಸಿ, ಹಿಮ್ಮಡಿ ಸರಿಯಾಗಿ ಕೂತ ಮೇಲೆ ಅಂಗೈಯಿಂದ ಸ್ವಲ್ಪ ಸ್ವಲ್ಪವೇ ಸವರಿ ಏರಿಸುತ್ತೇನೆ. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡರೆ ಹಿಡಿತ ಚೆನ್ನಾಗಿ ಸಿಗುತ್ತದೆ. ನಮ್ಮ ಹೆಂಗಸರಿಗೆ ಇನ್ನೊಂದು ತೊಂದರೆ, ಕಾಲುಂಗುರ. ಅದು ಸಿಕ್ಕಿಕೊಂಡು ಒಂದು ಜೋಡಿಯ ಎಳೆ ಕಿತ್ತು ಬಂತು. ತೆಗೆದಿಡುತ್ತೇನೆ ಅಂದಿದ್ದಕ್ಕೆ ಅತ್ತೆ ಎರಡು ದಿನ ಮಾತಾಡಲಿಲ್ಲ. ಕೊನೆಗೆ ಬೆರಳ ಕಡೆ ತೆರೆದಿರುವ ಮಾಡೆಲ್ ತಗೊಂಡೆ. ಪಾದಕ್ಕೆ ತೆಳು ಪ್ಲಾಸ್ಟಿಕ್ ಕವರ್ ತೊಡಿಸಿ, ಮೇಲೆ ಸ್ಟಾಕಿಂಗ್ಸ್ ಜಾರಿಸಿ, ಆಮೇಲೆ ಕವರನ್ನು ಬೆರಳ ಕಡೆಯಿಂದ ಎಳೆದರೆ ಸರಕ್ಕನೆ ಬರುತ್ತದೆ. ಕಾಲುಂಗುರವೂ ಉಳಿಯಿತು, ಮನೆಯ ಶಾಂತಿಯೂ ಉಳಿಯಿತು. ಗೆಜ್ಜೆ ಮಾತ್ರ ಬೀರುವಿನಲ್ಲಿದೆ.

ಹಾಸಿಗೆಯಿಂದ ಏಳುವ ಮುಂಚೆಯೇ ಹಾಕಿ ಅನ್ನುತ್ತಾರೆ. ಬೆಳಿಗ್ಗೆ ಸ್ನಾನ ಮಾಡದೆ ಅಡುಗೆಮನೆಗೆ ಹೋಗದವರು ಏನು ಮಾಡಬೇಕು? ನಾನು ಸ್ನಾನ ಮುಗಿಸಿ, ಕಾಲು ಚೆನ್ನಾಗಿ ಒರೆಸಿ, ಗೋಡೆಗೆ ಕಾಲು ಮೇಲೆತ್ತಿ ಹತ್ತು ನಿಮಿಷ ಮಲಗಿ ಆಮೇಲೆ ಹಾಕುತ್ತೇನೆ. ರಾತ್ರಿ ಬಿಚ್ಚಿ ಕೊಬ್ಬರಿ ಎಣ್ಣೆ ಹಚ್ಚುತ್ತೇನೆ. ಬೆಳಿಗ್ಗೆ ಹಚ್ಚಿದರೆ ಎಲಾಸ್ಟಿಕ್ ಹಾಳಾಗುತ್ತದೆ.

ದಿನಾ ಕೈಯಲ್ಲೇ ಒಗೆಯಬೇಕು. ಹಿಂಡಬಾರದು, ಟವೆಲ್‌ನಲ್ಲಿ ಸುತ್ತಿ ಒತ್ತಿ ನೆರಳಿನಲ್ಲಿ ಹಾಕಬೇಕು. ಎರಡು ಜೋಡಿ ಬೇಕೇ ಬೇಕು. ಆರು ತಿಂಗಳಿಗೆ ಬಿಗಿ ಹೋಗುತ್ತದೆ. ಸಲೀಸಾಗಿ ಏರಲು ಶುರುವಾಯಿತು ಅಂದರೆ ಹೊಸದು ತಗೊಳ್ಳುವ ಕಾಲ ಬಂತು ಅಂತಲೇ ಅರ್ಥ. ಬಣ್ಣದ ಬಗ್ಗೆ ಒಂದು ಮಾತು: ಡಬ್ಬದ ಮೇಲೆ 'ಚರ್ಮದ ಬಣ್ಣ' ಅಂತ ಇರುತ್ತದೆ. ಯಾರ ಚರ್ಮವೋ ಏನೋ, ನಮ್ಮ ಊರಿನವರದಂತೂ ಅಲ್ಲ.

ಊತ ನಿಂತಿದೆ, ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು ಅಪರೂಪವಾಗಿದೆ. ಉಬ್ಬಿದ ನರ ಮಾತ್ರ ಹಾಗೇ ಇದೆ. ಅದನ್ನು ಇದು ವಾಸಿ ಮಾಡುವುದಿಲ್ಲ. ಒಂದು ಮದುವೆಗೆ ಸುಮ್ನೆ ಬಿಟ್ಟು ಹೋಗಿದ್ದೆ, ಸಂಜೆಗೆ ಗುಳಿ ವಾಪಸ್ ಬಂದಿತ್ತು.

ನಾನು ಹಾಕಿದೆ ಅಂತ ನೀವು ಹಾಗೇ ತಗೊಳ್ಳಬೇಡಿ. ಕಾಲಿಗೆ ರಕ್ತ ಬರುವ ನಾಳವೇ ಕಿರಿದಾಗಿದ್ದರೆ, ಸಕ್ಕರೆ ಕಾಯಿಲೆಯಿಂದ ಪಾದ ಮರಗಟ್ಟಿದ್ದರೆ ಈ ಬಿಗಿ ಅಪಾಯ. ಡಾಕ್ಟರಿಗೆ ತೋರಿಸಿಯೇ ಶುರುಮಾಡಿ. ಹಾಕಿದ ಮೇಲೆ ಬೆರಳು ತಣ್ಣಗಾದರೆ, ನೀಲಿಯಾದರೆ ತಕ್ಷಣ ಬಿಚ್ಚಿ. ಒಂದೇ ಕಾಲು ಇದ್ದಕ್ಕಿದ್ದ ಹಾಗೆ ಊದಿ ನೋಯುತ್ತಿದ್ದರೆ ಸ್ಟಾಕಿಂಗ್ಸ್ ಹುಡುಕಬೇಡಿ, ಆಸ್ಪತ್ರೆಗೆ ಹೋಗಿ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಏಪ್ರಿಲ್‌–ಮೇ ತಿಂಗಳ ಸೆಕೆಗೆ ಕಟ್.