ಕೆಂಡ ಕೋಣೆಯೊಳಗೆ ಇಟ್ಟುಕೊಂಡು ಮಲಗಬೇಡಿ

ಮನೆಯಲ್ಲಿ ವಯಸ್ಸಾದವರು, ಮಕ್ಕಳು ಇರುವ ಮಲೆನಾಡಿನವರೆಲ್ಲ ದಯವಿಟ್ಟು ಇದನ್ನು ಪೂರ್ತಿ ಓದಿ. ಕಳೆದ ಚಳಿಗಾಲದಲ್ಲಿ ಕರೆಂಟ್ ಬಿಲ್ಲಿಗೆ ಹೆದರಿ ನಾವು ಮಾಡಿದ ಒಂದು ಕೆಲಸದಿಂದ ನಮ್ಮ ಅತ್ತೆ ಮತ್ತು ಒಂಬತ್ತು ವರ್ಷದ ಮಗಳು ಒಂದೇ ರಾತ್ರಿ ಹೋಗಿಬಿಡುತ್ತಿದ್ದರು. ಕೆಂಡ ತಂದಿಟ್ಟವಳು ನಾನು, ಕಿಟಕಿ ಮುಚ್ಚಿದವಳೂ ನಾನೇ. ಬರೆಯಲು ಇಷ್ಟು ದಿನ ಧೈರ್ಯ ಬಂದಿರಲಿಲ್ಲ. ಈಗ ಮತ್ತೆ ಚಳಿ ಶುರುವಾಗಿದೆ, ಇನ್ನು ತಡ ಮಾಡಬಾರದು ಅನ್ನಿಸಿತು.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಸಣ್ಣ ಹಳ್ಳಿ, ಮನೆ ಸುತ್ತ ಅಡಿಕೆ ತೋಟ. ಹಳೇ ಹೆಂಚಿನ ಮನೆಗೆ ಗೆದ್ದಲು ಹಿಡಿದಿತ್ತು, ಮಳೆಗಾಲದಲ್ಲಿ ಪಾತ್ರೆ ಇಟ್ಟು ಇಟ್ಟು ಸಾಕಾಗಿತ್ತು. ಅದನ್ನು ಬಿಚ್ಚಿ ಆರ್‌ಸಿಸಿ ಮನೆ ಕಟ್ಟಿದೆವು. ಹಳೆಯದರಲ್ಲಿ ಉಳಿದಿರುವುದು ಬಚ್ಚಲು ಮನೆ ಮತ್ತು ಅಡಿಕೆ ಬೇಯಿಸುವ ಒಲೆ ಅಷ್ಟೇ. ಹೊಸ ಮನೆಗೆ ಟೈಲ್ಸ್ ನೆಲ, ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿ, ಸೊಳ್ಳೆ ಪರದೆ. ಮಳೆಗಾಲದಲ್ಲಿ ಒಂದು ಹನಿ ಒಳಗೆ ಬರುವುದಿಲ್ಲ ಅಂತ ಎಲ್ಲರೂ ಖುಷಿಪಟ್ಟಿದ್ದೆವು. ಆದರೆ ಅತ್ತೆಗೆ 78 ವರ್ಷ, ಮಂಡಿ ನೋವು ಬೇರೆ. "ಈ ಮನೆ ನೆಲ ಕಾಲು ಕಚ್ಚುತ್ತೆ ಕಣೆ" ಅಂತ ಮೊದಲ ಚಳಿಗಾಲದಿಂದಲೇ ಹೇಳುತ್ತಿದ್ದರು. ಧನುರ್ಮಾಸದಲ್ಲಿ ನಮ್ಮ ಕಡೆ ಬೆಳಗಿನ ಜಾವದ ಇಬ್ಬನಿ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ತೋಟದ ಮಧ್ಯದ ಮನೆಗಳಲ್ಲಂತೂ ಒಂಬತ್ತು ಗಂಟೆಯಾದರೂ ಬಿಸಿಲು ಅಂಗಳಕ್ಕೆ ಇಳಿಯುವುದಿಲ್ಲ.

ಅತ್ತೆಗಾಗಿ ಪೇಟೆಯಿಂದ ಒಂದು ರೂಮ್ ಹೀಟರ್ ತಂದೆವು, 2000 ವ್ಯಾಟಿನದು. "ಇದು ಕರೆಂಟೇ ಎಳೆಯಲ್ಲ, ಹೊಸ ಮಾಡೆಲ್ಲು" ಅಂದರು ಅಂಗಡಿಯವರು. ನಂಬಿದೆವು. ಸುಮಾರು ಇಪ್ಪತ್ತು ರಾತ್ರಿ, ದಿನಕ್ಕೆ ಎಂಟು ಗಂಟೆಯಂತೆ ಉರಿಸಿದೆವು. ತಿಂಗಳ ಕೊನೆಗೆ ಮೀಟರ್ ನೋಡುವವರು ಬಂದು ಚೀಟಿ ಕೊಟ್ಟಾಗ ಮೂರು ಸಾವಿರ ದಾಟಿತ್ತು. ಅಲ್ಲಿಯವರೆಗೆ ನಮಗೆ ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತಿತ್ತು, ತಿಂಗಳಿಗೆ ತೊಂಬತ್ತು ಯೂನಿಟ್ ಆಸುಪಾಸು.

ಇದರ ಲೆಕ್ಕ ತುಂಬಾ ಸರಳ, ಅಂಗಡಿಯಲ್ಲೇ ನಿಂತು ಮಾಡಬಹುದಿತ್ತು. 1000 ವ್ಯಾಟಿನದು ಒಂದು ಗಂಟೆ ಉರಿದರೆ ಒಂದು ಯೂನಿಟ್. 2000 ವ್ಯಾಟಿನದು ಎಂಟು ಗಂಟೆ ಉರಿದರೆ ಒಂದು ರಾತ್ರಿಗೆ 16 ಯೂನಿಟ್, ಇಪ್ಪತ್ತು ರಾತ್ರಿಗೆ 320. ಗೃಹಜ್ಯೋತಿಯಲ್ಲಿ ನಮ್ಮ ಮನೆಗೆ 2022–23ರ ಸರಾಸರಿ ಬಳಕೆಯ ಮೇಲೆ ಶೇ. 10 ಸೇರಿಸಿ ಒಂದು ಮಿತಿ ಇಟ್ಟಿದ್ದಾರೆ. ಅದನ್ನು ದಾಟಿದರೂ 200 ಯೂನಿಟ್ ಒಳಗಿದ್ದರೆ ಹೆಚ್ಚಾದಷ್ಟಕ್ಕೆ ಮಾತ್ರ ದುಡ್ಡು. 200 ದಾಟಿತೋ, ಆ ತಿಂಗಳ ಪೂರ್ತಿ ಬಿಲ್ ನಾವೇ ಕಟ್ಟಬೇಕು. ನಮಗೆ ಆಗಿದ್ದು ಅದೇ. ಕಾಯಿಲ್ ಇರಲಿ, ಫ್ಯಾನ್ ಇರಲಿ, ಎಣ್ಣೆ ತುಂಬಿದ್ದಿರಲಿ, ಒಂದು ಯೂನಿಟ್ ಕರೆಂಟಿಗೆ ಬರುವ ಶಾಖ ಅಷ್ಟೇ. ಇಂಥ ಹೀಟರಿನ ಯಾವ ಮಾಡೆಲ್ಲೂ ಅದಕ್ಕಿಂತ ಹೆಚ್ಚು ಕೊಡುವುದಿಲ್ಲ. ಹಾಗೇ, ಪ್ಲಗ್ಗಿಗೆ ಸಿಕ್ಕಿಸಿದರೆ ಬಿಲ್ ಅರ್ಧ ಆಗುತ್ತದೆ ಅಂತ ಮಾರುವ ಡಬ್ಬಿಗಳಿಗೂ ದುಡ್ಡು ಹಾಕಬೇಡಿ, ಹೀಟರಿನ ಯೂನಿಟ್ಟನ್ನು ಅವು ಕಡಿಮೆ ಮಾಡಲಾರವು.

ಚೀಟಿ ನೋಡಿ ಅತ್ತೆಗೆ ತುಂಬಾ ಬೇಜಾರಾಯಿತು. ತನ್ನಿಂದ ಖರ್ಚು ಅಂತ. "ಆ ಪೆಟ್ಟಿಗೆ ಬ್ಯಾಡ. ಬಚ್ಚಲ ಒಲೆಯಿಂದ ಒಂಚೂರು ಕೆಂಡ ತಂದಿಡು, ನಮ್ಮ ಕಾಲದಲ್ಲಿ ಎಂತ ಹೀಟರ್ ಇತ್ತು?" ಅಂದರು. ನನಗೂ ಸರಿ ಅನ್ನಿಸಿತು. ಹಂಡೆ ಒಲೆ ಹೇಗೂ ದಿನಾ ಉರಿಯುತ್ತದೆ, ಕೆಂಡಕ್ಕೆ ಒಂದು ಪೈಸೆ ಖರ್ಚಿಲ್ಲ. ಹಳೇ ಕಬ್ಬಿಣದ ಬಾಣಲಿಯಲ್ಲಿ ಹೊಗೆಯೆಲ್ಲ ಹೋದ ನಿಗಿನಿಗಿ ಕೆಂಡ ತುಂಬಿ, ಮೇಲೆ ಬೂದಿ ಮುಚ್ಚಿ ಅವರ ಕೋಣೆಯಲ್ಲಿಟ್ಟೆ. ಬೂದಿ ಮುಚ್ಚಿದರೆ ಬೆಳಗಿನವರೆಗೆ ಬಿಸಿ ಇರುತ್ತದಲ್ಲ. ಮಗಳು ಅಜ್ಜಿ ಜೊತೆ ಮಲಗುತ್ತಿದ್ದಳು.

ಮೊದಲ ಮೂರು ದಿನ ಕಿಟಕಿ ಒಂದಿಷ್ಟು ತೆರೆದಿತ್ತು. ಆ ಮೂರೂ ದಿನ ಬೆಳಿಗ್ಗೆ ಎದ್ದಾಗ ಇಬ್ಬರಿಗೂ ತಲೆನೋವು. ಮಗಳಿಗೆ ತಿಂಡಿ ಸೇರುತ್ತಿರಲಿಲ್ಲ, ಅತ್ತೆಗೆ ಹೊಟ್ಟೆ ತೊಳೆಸುತ್ತಿತ್ತು. ಪಿತ್ತ ಅಂದುಕೊಂಡು ಕಷಾಯ ಮಾಡಿ ಕೊಟ್ಟೆ. ಮಗಳು ಶಾಲೆಗೆ ಹೋದ ಮೇಲೆ ಸರಿಯಾಗುತ್ತಿದ್ದಳು, ಅತ್ತೆ ಅಂಗಳದಲ್ಲಿ ಬಿಸಿಲಿಗೆ ಕೂತರೆ ಸರಿಯಾಗುತ್ತಿದ್ದರು. ಇಬ್ಬರಿಗೂ ಒಟ್ಟಿಗೆ, ಒಂದೇ ಹೊತ್ತಿಗೆ, ಕೋಣೆ ಬಿಟ್ಟ ಮೇಲೆ ವಾಸಿಯಾಗುವ ತಲೆನೋವು. ಅದು ಪಿತ್ತ ಅಲ್ಲ, ಎಚ್ಚರಿಕೆ ಅಂತ ನನಗೆ ಗೊತ್ತಿರಲಿಲ್ಲ. ನಿಮ್ಮ ಮನೆಯಲ್ಲಿ ಇದೇ ರೀತಿ ಕಂಡರೆ ಆ ರಾತ್ರಿಯೇ ಕೆಂಡ ನಿಲ್ಲಿಸಿ, ಇನ್ನೊಂದು ರಾತ್ರಿ ನೋಡೋಣ ಅನ್ನಬೇಡಿ.

ನಾಲ್ಕನೇ ರಾತ್ರಿ ಚಳಿ ಜಾಸ್ತಿ ಇತ್ತು. ಕಿಟಕಿ ಪೂರ್ತಿ ಎಳೆದೆ. ಮೇಲಿನ ವೆಂಟಿಲೇಟರಿನಿಂದ ಗಾಳಿ ಬರುತ್ತದೆ ಅಂತ ಅದಕ್ಕೂ ಹಳೇ ಬಟ್ಟೆ ತುರುಕಿದೆ. ಬಾಗಿಲ ಸಂದಿಗೆ ಕಾಲೊರೆಸುವ ಮ್ಯಾಟ್ ಇಟ್ಟೆ.

ಬೆಳಗಿನ ಜಾವ ನಾಲ್ಕೂವರೆ. ಕೊಯ್ಲಿನ ಸಮಯವಾದ್ದರಿಂದ ಮನೆಯವರು ಅಡಿಕೆ ಒಲೆಗೆ ಬೆಂಕಿ ಹಾಕಲು ಎದ್ದಿದ್ದರು. ಅತ್ತೆ ಕೋಣೆಯಲ್ಲಿ ಏನೋ ಧೊಪ್ಪನೆ ಬಿದ್ದ ಸದ್ದು. ಬಾಗಿಲು ತೆರೆದರೆ ಮಗಳು ನೆಲದ ಮೇಲೆ. ಮೂತ್ರಕ್ಕೆ ಎದ್ದವಳು ಎರಡು ಹೆಜ್ಜೆ ಇಟ್ಟು ಬಿದ್ದಿದ್ದಳು. "ಅಮ್ಮ ಏಳ್ತಾ ಇಲ್ಲ, ಬೇಗ ಬಾ" ಅಂತ ಅವರು ಕೂಗಿದ್ದು ಈಗಲೂ ಕಿವಿಯಲ್ಲಿದೆ. ಒಳಗೆ ಹೊಗೆ ಇರಲಿಲ್ಲ. ವಾಸನೆ ಇರಲಿಲ್ಲ. ಕೋಣೆ ಬೆಚ್ಚಗೆ, ಹಿತವಾಗಿತ್ತು. ಅತ್ತೆ ಗೊರಕೆ ಹೊಡೆಯುತ್ತಿದ್ದರು, ಎಷ್ಟು ಅಲುಗಾಡಿಸಿದರೂ ಕಣ್ಣು ಬಿಡಲಿಲ್ಲ. ಮಗಳು ಆ ಹೊತ್ತಿಗೆ ಎದ್ದಿರದಿದ್ದರೆ ನಾವು ಆ ಬಾಗಿಲು ತೆಗೆಯುತ್ತಿದ್ದದ್ದು ಏಳು ಗಂಟೆಗೆ.

ಇಬ್ಬರನ್ನೂ ಎತ್ತಿ ಜಗುಲಿಗೆ ತಂದೆವು. ಏನಾಗಿದೆ ಅಂತ ತಿಳಿದು ತಂದದ್ದಲ್ಲ, ಪಕ್ಕದ ಮನೆ ಅಣ್ಣನ ಜೀಪು ಅಂಗಳಕ್ಕೆ ಬರುತ್ತಿತ್ತು, ಅಷ್ಟೇ. ಆ ಹೊರಗಿನ ಗಾಳಿಯೇ ಮೊದಲ ಔಷಧಿ ಅಂತ ಆಮೇಲೆ ತಿಳಿಯಿತು. ಮಗಳು ಹತ್ತು ನಿಮಿಷದಲ್ಲಿ ವಾಂತಿ ಮಾಡಿಕೊಂಡು ಕಣ್ಣು ಬಿಟ್ಟಳು.

ಮೊದಲು ಹೋದ ಕಡೆ ಬೆರಳಿಗೆ ಕ್ಲಿಪ್ ಹಾಕಿ ನೋಡಿದರು. 98 ತೋರಿಸಿತು. "ಆಕ್ಸಿಜನ್ ಚೆನ್ನಾಗಿದೆ, ಬಿ.ಪಿ. ಹೆಚ್ಚುಕಮ್ಮಿ ಆಗಿರಬೇಕು" ಅಂದರು. ಇದನ್ನು ಎಲ್ಲರೂ ನೆನಪಿಟ್ಟುಕೊಳ್ಳಿ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್ ರಕ್ತಕ್ಕೆ ಸೇರಿದಾಗ ಆ ಬೆರಳಿನ ಯಂತ್ರ ಮೋಸ ಹೋಗುತ್ತದೆ. ರಕ್ತದ ಹಿಮೋಗ್ಲೋಬಿನ್ ಹಿಡಿದುಕೊಂಡಿರುವುದು ಆಮ್ಲಜನಕವೋ ಈ ಅನಿಲವೋ ಅಂತ ಅದಕ್ಕೆ ಬೇರೆ ಮಾಡಿ ಹೇಳಲು ಬರುವುದಿಲ್ಲ, ಎರಡನ್ನೂ ಒಂದೇ ಅಂತ ಎಣಿಸುತ್ತದೆ. ಕೊನೆಗೆ ಇನ್ನೊಬ್ಬರು ಡಾಕ್ಟರು ಬಂದು ಮಗಳ ಕಡೆ ನೋಡಿ ಕೇಳಿದರು: "ಇಬ್ಬರೂ ಒಂದೇ ಕೋಣೆಯಲ್ಲಿ ಮಲಗಿದ್ರಾ? ಒಳಗೆ ಏನಾದ್ರೂ ಉರಿಸಿದ್ರಾ?" ಕೆಂಡ ಇತ್ತು ಅಂದ ಕೂಡಲೇ ಇಬ್ಬರಿಗೂ ಮಾಸ್ಕ್ ಹಾಕಿ ಆಕ್ಸಿಜನ್ ಶುರು ಮಾಡಿದರು, ಆಂಬುಲೆನ್ಸಿನಲ್ಲಿ ಮಂಡಗದ್ದೆ ದಾರಿಯಲ್ಲಿ ಶಿವಮೊಗ್ಗಕ್ಕೆ ಕಳಿಸಿದರು. ದಾರಿಯುದ್ದಕ್ಕೂ ಮಾಸ್ಕ್ ತೆಗೆಯಲಿಲ್ಲ.

ಅಲ್ಲಿ ವಿವರವಾಗಿ ಹೇಳಿದರು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ಹಿಮೋಗ್ಲೋಬಿನ್ ಇದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಬರೀ ಗಾಳಿಯಲ್ಲಿ ಉಸಿರಾಡಿದರೆ ಇದು ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು, ಮಾಸ್ಕಿನಲ್ಲಿ ಪೂರ್ತಿ ಆಮ್ಲಜನಕ ಕೊಟ್ಟರೆ ಒಂದು ಒಂದೂವರೆ ಗಂಟೆ. ಮಲಗಿದವರಿಗೆ ತಲೆ ಸುತ್ತಿದ್ದೂ ಗೊತ್ತಾಗುವುದಿಲ್ಲ, ನಿದ್ದೆಯಿಂದ ಹಾಗೇ ಪ್ರಜ್ಞೆ ತಪ್ಪುತ್ತಾರೆ. ನಾನು ಹೊಗೆ ಹೋದ ಕೆಂಡ ಆರಿಸಿ ತಂದಿದ್ದೆ, ಹೊಗೆ ಇಲ್ಲ ಅಂದರೆ ಅಪಾಯ ಇಲ್ಲ ಅಂದುಕೊಂಡಿದ್ದೆ. ಹಸಿ ಸೌದೆಯ ಹೊಗೆಯಾದರೆ ಕೆಮ್ಮಿಸಿ ಎಬ್ಬಿಸುತ್ತಿತ್ತು. ಬೂದಿ ಮುಚ್ಚಿದ್ದು ಇನ್ನೂ ಕೆಟ್ಟದ್ದಾಯಿತು. ಗಾಳಿ ಸಾಲದೆ ಒಳಗೊಳಗೇ ಬೇಯುವ ಕೆಂಡ ಈ ಅನಿಲವನ್ನು ಹೆಚ್ಚು ಬಿಡುತ್ತದೆ.

ಹಾಗಾದರೆ ಹಿಂದಿನವರಿಗೆ ಯಾಕೆ ಏನೂ ಆಗಲಿಲ್ಲ? ಈ ಪ್ರಶ್ನೆಯನ್ನು ನನಗೆ ಊರಿನಲ್ಲಿ ಎಲ್ಲರೂ ಕೇಳಿದ್ದಾರೆ. ಆ ಕೆಂಡ ಇದ್ದದ್ದು ಹಳೇ ಮನೆಯಲ್ಲಿ. ಹೆಂಚಿನ ಸಂದಿ, ಗೋಡೆಗೂ ಮಾಡಿಗೂ ನಡುವಿನ ಜಾಗ, ಗಾಜಿಲ್ಲದ ಮರದ ಸರಳಿನ ಕಿಟಕಿ. ಬೆಳಿಗ್ಗೆ ಅಡುಗೆ ಮನೆ ಹೊಗೆ ಮಾಡಿನ ತುಂಬಾ ಏಳುತ್ತಿದ್ದುದನ್ನು ದೂರದಿಂದಲೇ ನೋಡಬಹುದಿತ್ತು. ಆ ಮನೆ ಉಸಿರಾಡುತ್ತಿತ್ತು. ನಾವು ಮನೆ ಬದಲಾಯಿಸಿದೆವು, ಅಭ್ಯಾಸ ಬದಲಾಯಿಸಲಿಲ್ಲ. ಹತ್ತು ಅಡಿ ಹನ್ನೊಂದು ಅಡಿಯ, ಸ್ಲ್ಯಾಬ್ ಹಾಕಿದ ಕೋಣೆಯಲ್ಲಿ ಆ ಅನಿಲಕ್ಕೆ ಹೊರಗೆ ಹೋಗಲು ಜಾಗವೇ ಇರಲಿಲ್ಲ. ಕೆಂಡದ ಪಕ್ಕ ಬಕೆಟ್ ನೀರು ಇಟ್ಟರೆ ಆಗುತ್ತದೆ ಅಂತ ಕೆಲವರು ಹೇಳುತ್ತಾರೆ. ಆಗುವುದಿಲ್ಲ, ನೀರು ಈ ಅನಿಲವನ್ನು ಹೀರುವುದಿಲ್ಲ. ಬಚ್ಚಲಿನ ಒಳಗೇ ಗ್ಯಾಸ್ ಗೀಸರ್ ಇಟ್ಟು ಬಾಗಿಲು ಹಾಕಿ ಸ್ನಾನ ಮಾಡುವವರಿಗೂ ಇದೇ ಅಪಾಯ.

ಮಗಳು ಮರುದಿನ ಮನೆಗೆ ಬಂದಳು. ಅತ್ತೆ ನಾಲ್ಕು ದಿನ ಆಸ್ಪತ್ರೆಯಲ್ಲೇ ಇದ್ದರು. ಬಂದ ಮೇಲೂ ಒಂದು ತಿಂಗಳು ಮಾತು ಮಧ್ಯದಲ್ಲಿ ಮರೆಯುತ್ತಿದ್ದರು, ನನ್ನನ್ನು ನಾದಿನಿ ಹೆಸರಿನಿಂದ ಕರೆಯುತ್ತಿದ್ದರು. ಇಂಥ ತೊಂದರೆ ಕೆಲವರಿಗೆ ವಾರಗಳ ನಂತರವೂ ಕಾಣಿಸಬಹುದಂತೆ, ಅದಕ್ಕೇ ಮತ್ತೆ ಬಂದು ತೋರಿಸಿ ಅಂದಿದ್ದರು. ಈಗ ಪರವಾಗಿಲ್ಲ.

ಈ ವರ್ಷ ನಾವು ಕೋಣೆಯನ್ನು ಬಿಸಿ ಮಾಡುವುದು ಬಿಟ್ಟು ಅತ್ತೆಯನ್ನು ಬೆಚ್ಚಗಿಡುತ್ತಿದ್ದೇವೆ. ಮಂಚವನ್ನು ಹೊರಗೋಡೆಯಿಂದ ಒಳಗೋಡೆ ಪಕ್ಕಕ್ಕೆ ತಂದೆವು. ಹಾಸಿಗೆಯ ಕೆಳಗೊಂದು ಕರಿ ಕಂಬಳಿ. ಮೇಲೆ ಎಷ್ಟು ಹೊದ್ದರೂ ಕೆಳಗಿನಿಂದ ಚಳಿ ಏರುತ್ತದೆ, ಇದೊಂದರಿಂದಲೇ ಅವರಿಗೆ ಅರ್ಧ ಸಮಾಧಾನ. ನೆಲಕ್ಕೆ ಚಾಪೆ, ಕಾಲಿಗೆ ಉಣ್ಣೆ ಸಾಕ್ಸ್. ಹಂಡೆ ನೀರನ್ನು ರಬ್ಬರ್ ಚೀಲಕ್ಕೆ ತುಂಬಿ, ಬಟ್ಟೆ ಸುತ್ತಿ ಕಾಲ ಬುಡದಲ್ಲಿಡುತ್ತೇನೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಸುಟ್ಟದ್ದು ತಿಳಿಯುವುದಿಲ್ಲ, ಅಂಥವರಿಗೆ ಮೈಗೆ ತಾಗಿಸಬೇಡಿ. ಹೀಟರನ್ನು ಮಲಗುವ ಮೊದಲು ಅರ್ಧ ಗಂಟೆ ಮಾತ್ರ ಹಾಕುತ್ತೇವೆ. ಅದು ದಿನಕ್ಕೆ ಒಂದು ಯೂನಿಟ್, ತಿಂಗಳಿಗೆ ಮೂವತ್ತು. ಅದನ್ನು ದೊಡ್ಡ ಪಿನ್ನಿನ 16 ಆಂಪಿಯರ್ ಪ್ಲಗ್ಗಿಗೇ ಹಾಕಿ, ಎಕ್ಸ್‌ಟೆನ್ಶನ್ ಬಾಕ್ಸಿಗೆ ಹಾಕಬೇಡಿ, ವೈರ್ ಕರಗುತ್ತದೆ. ವೆಂಟಿಲೇಟರಿಗೆ ಈಗ ಏನೂ ತುರುಕುವುದಿಲ್ಲ.

ಕೆಂಡ ಬೇಕೇ ಬೇಕು ಅಂದರೆ ಜಗುಲಿಯಲ್ಲಿ ಕೂತು ಕಾಯಿಸಿಕೊಳ್ಳಿ, ಮಲಗುವ ಮುಂಚೆ ನೀರು ಹೊಯ್ದು ಹೊರಗೇ ಬಿಡಿ. ಆರಿದಂತೆ ಕಾಣುವ ಕೆಂಡವನ್ನೂ ಒಳಗೆ ತರಬೇಡಿ. ಯಾರಾದರೂ ಬಿದ್ದದ್ದು ಕಂಡರೆ ಮೊದಲು ಬಾಗಿಲು ಕಿಟಕಿ ತೆರೆದು ಅವರನ್ನು ಹೊರಗೆ ತನ್ನಿ, 108ಕ್ಕೆ ಫೋನ್ ಮಾಡಿ. ಡಾಕ್ಟರಿಗೆ ಬೇರೇನೂ ಹೇಳುವ ಮೊದಲು "ಮುಚ್ಚಿದ ಕೋಣೆಯಲ್ಲಿ ಕೆಂಡ ಇತ್ತು" ಅನ್ನಿ. ನಾಚಿಕೆಪಟ್ಟು ಮುಚ್ಚಿಡಬೇಡಿ. ಆ ಡಾಕ್ಟರು ಕೇಳದೇ ಇದ್ದಿದ್ದರೆ ನಮಗೆ ಹೇಳಲು ಹೊಳೆಯುತ್ತಲೇ ಇರಲಿಲ್ಲ.

ನಾಳೆಯಿಂದ ನಮ್ಮಲ್ಲಿ ಅಡಿಕೆ ಕೊಯ್ಲು. ಕೆಲಸಕ್ಕೆ ಬರುವವರು ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ಮಲಗುತ್ತಾರೆ, ಪ್ರತಿ ವರ್ಷ ಚಳಿಗೆ ಒಳಗೇ ಬೆಂಕಿ ಹಾಕಿಕೊಳ್ಳುತ್ತಿದ್ದರು. ಅದರ ಕಿಟಕಿಗೆ ಹೊಡೆದಿದ್ದ ಪ್ಲಾಸ್ಟಿಕ್ ಹಾಳೆಯನ್ನು ಇವತ್ತು ಮಧ್ಯಾಹ್ನ ಮನೆಯವರು ಕಿತ್ತು ಹಾಕಿದರು. ನಾನು ಆರು ಕಂಬಳಿ ಬಿಸಿಲಿಗೆ ಹಾಕಿ ತೆಗೆದಿಟ್ಟಿದ್ದೇನೆ.