ಪಲ್ಪರ್ ನೀರಿನ ಟ್ಯಾಂಕು: ಕೆಸರಿಗೆ ಐದು ನಕ್ಷತ್ರ, ಮಾರಿದವರಿಗೆ ಎರಡು

ಪಲ್ಪಿಂಗ್ ನೀರಿನ, ಅಂದರೆ ಪಲ್ಪರ್ ಯಂತ್ರದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿದಾಗ ಬರುವ ಕೊಳೆನೀರಿನ, ತಾಪತ್ರಯವನ್ನು ಕಾಫಿ ಬೆಳೆಗಾರರಿಗೆ ಹೊಸದಾಗಿ ಹೇಳಬೇಕಿಲ್ಲ. ಹಳ್ಳಕ್ಕೆ ಬಿಟ್ಟರೆ ಕೆಳಗಿನ ತೋಟದವರು ಜಗಳಕ್ಕೆ ಬರುತ್ತಾರೆ, ಗುಂಡಿಯಲ್ಲಿ ನಿಲ್ಲಿಸಿದರೆ ಮೂಗು ಮುಚ್ಚಿಕೊಂಡು ಓಡಾಡಬೇಕು. ಮೂಡಿಗೆರೆ ಕಡೆಯ ನಮ್ಮ ತೋಟದಲ್ಲಿ ಯುಎಎಸ್‌ಬಿ ಟ್ಯಾಂಕು ಹಾಕಿಸಿ ಹಲವು ಹಂಗಾಮು ಕಳೆದಿವೆ. ನೀರು ತಳದಿಂದ ಹೊಕ್ಕು, ಕೆಸರಿನ ಪದರವನ್ನು ಹಾದು ಮೇಲೇರುವ, ಕೊಳೆಯನ್ನು ಕೆಸರಿನ ಸೂಕ್ಷ್ಮಜೀವಿಗಳೇ ತಿನ್ನುವ, ಗಾಳಿಯಾಡದ ಟ್ಯಾಂಕು ಅದು. ಅಳತೆ, ಬೆಲೆ ಎಲ್ಲ ಕಂಪನಿಯ ಹಾಳೆಯಲ್ಲಿವೆ.

ನನಗೆ ಹಿಡಿಸಿದ್ದು ಟ್ಯಾಂಕಲ್ಲ, ಅದರೊಳಗಿನ ಕೆಸರು. ಹಂಗಾಮಿನಲ್ಲಿ ಬೆಳಗಿನ ಕಾಫಿಗೆ ಮೊದಲೇ ತಳದ ನಲ್ಲಿ ತಿರುಗಿಸಿ ಗಾಜಿನ ಲೋಟಕ್ಕೆ ಒಂದಿಷ್ಟು ಹಿಡಿಯುತ್ತೇನೆ. ಸಾಸಿವೆಯಂಥ ಕಪ್ಪು ಕಾಳುಗಳು ಕಣ್ಣೆದುರೇ ಸರಸರನೆ ತಳ ಸೇರಿ, ಮೇಲಿನ ನೀರು ತಿಳಿಯಾದರೆ ಎಲ್ಲ ಸರಿಯಿದೆ ಎಂದರ್ಥ. ಬೂದುಬಣ್ಣದ ಹಿಂಜಲು ತೇಲಿತೋ, ಅಂದು ಪಂಪ್ ಬಂದ್. ಆಮೇಲೆ ಪಿಎಚ್ ಕಾಗದ: 7ರ ಆಸುಪಾಸು ಇದ್ದರೆ ನೆಮ್ಮದಿ, 6.5ಕ್ಕಿಂತ ಇಳಿದರೆ ಅಂದು ಹೊಸ ನೀರಿಲ್ಲ.

ಒಂದೊಂದು ಕಾಳಿನಲ್ಲೂ ಒಂದು ಊರೇ ಇದೆ. ಹೊರಪದರದ ಬ್ಯಾಕ್ಟೀರಿಯಾಗಳು ಹಣ್ಣಿನ ಸಕ್ಕರೆಯನ್ನು ಆಮ್ಲ ಮಾಡುತ್ತವೆ. ಅದಕ್ಕೂ ಒಳಗಿನವು ಪ್ರೊಪಿಯೋನೇಟ್‌ನಂಥ ಆಮ್ಲವನ್ನು ಒಡೆದು ಅಸಿಟೇಟ್ ಮತ್ತು ಹೈಡ್ರೋಜನ್ ಬಿಡುತ್ತವೆ. ಆ ಹೈಡ್ರೋಜನ್ನನ್ನು ಪಕ್ಕದಲ್ಲೇ ಕುಳಿತು ತಿನ್ನುವವರು ಇಲ್ಲದಿದ್ದರೆ ಅವುಗಳ ಕೆಲಸವೇ ನಿಲ್ಲುತ್ತದೆ, ಟ್ಯಾಂಕು ಹುಳಿಯುತ್ತದೆ. ತಿರುಳಿನಲ್ಲಿರುವುದು ಎಳೆಎಳೆಯಾಗಿ ಬೆಳೆಯುವ ಮೆಥನೋಥ್ರಿಕ್ಸ್. ಅಸಿಟೇಟ್ ತಿಂದು ಮೀಥೇನ್ ಬಿಡುವ ಆರ್ಕಿಯಾ, ಅಂದರೆ ಬ್ಯಾಕ್ಟೀರಿಯಾದಂತೆ ಕಂಡರೂ ಬೇರೆಯದೇ ಕುಲದ ಸೂಕ್ಷ್ಮಜೀವಿ. ನೆದರ್ಲ್ಯಾಂಡ್ಸ್‌ನ ವಾಗೆನಿಂಗೆನ್‌ನಲ್ಲಿ ಗಾಟ್ಜೆ ಲೆಟಿಂಗಾ ಮತ್ತು ಸಂಗಡಿಗರು 1970ರ ದಶಕದಲ್ಲಿ ಈ ಟ್ಯಾಂಕನ್ನು ರೂಪಿಸಿದ್ದು ಸಕ್ಕರೆ ಕಾರ್ಖಾನೆಯ ಕೊಳೆನೀರಿಗೆ. ನಮ್ಮ ಕಾಫಿ ನೀರೂ ಸಕ್ಕರೆಯದೇ ತಾನೇ.

ಇನ್ನು ಸಿಟ್ಟಿನ ವಿಷಯ. ಮಾರುವಾಗ ಹೇಳಿದ್ದು, "ಸ್ವಿಚ್ ಹಾಕಿ ಮರೆತುಬಿಡಿ ಸರ್." ನಮ್ಮಲ್ಲಿ ಪಲ್ಪರ್ ಓಡುವುದು ಸಂಜೆ, ಹಣ್ಣು ತೂಕವಾದ ಮೇಲೆ. ದಿನದ ನೀರೆಲ್ಲ ಆಗಲೇ ನುಗ್ಗುತ್ತದೆ. ಟ್ಯಾಂಕಿಗೋ ಹಗಲೂ ರಾತ್ರಿ ಒಂದೇ ಹದದಲ್ಲಿ ಸಣ್ಣಗೆ ಬರಬೇಕು. ರಭಸ ಹೆಚ್ಚಿದರೆ ಕೆಸರು ಎದ್ದು ನೀರಿನೊಂದಿಗೇ ಹೊರಗೆ ಹೋಗುತ್ತದೆ. ಮೊದಲ ಹಂಗಾಮಿನಲ್ಲೇ ತೋಟದ ಲೆಕ್ಕ ನೋಡುವ ರೈಟರ್ ಓಡಿ ಬಂದು, "ಗೌಡರೇ, ಕಪ್ಪು ಕಾಳೆಲ್ಲ ಚರಂಡಿ ಪಾಲಾಗುತ್ತಿದೆ" ಎಂದ. ನೀರನ್ನು ತಡೆದು ನಿಲ್ಲಿಸಲು ಮುಂದೊಂದು ತೊಟ್ಟಿ ಬೇಕೆಂಬ ಮಾತು ಕಂಪನಿಯವರ ಕೊಟೇಶನ್‌ನಲ್ಲಿ ಎಲ್ಲಿಯೂ ಇರಲಿಲ್ಲ. ಫೋನ್ ಮಾಡಿದರೆ, "ಅದು ನಿಮ್ಮ ಸಿವಿಲ್ ಕೆಲಸ ಸರ್." ಮರುವಾರವೇ ಹೊಸ ಕೆಸರಿಗೆ, ಲಾರಿ ಬಾಡಿಗೆ ಸಮೇತ, ಇನ್ನೊಂದು ಕೊಟೇಶನ್ ಬಂತು! ಆ ದುಡ್ಡಿನಲ್ಲಿ ಊರಿನ ಗಾರೆಯವರಿಂದಲೇ ತೊಟ್ಟಿ ಕಟ್ಟಿಸಿ, ಸಣ್ಣ ಪಂಪ್ ಕೂರಿಸಿದೆ. ಹುಳಿ ಮುರಿಯಲು ಸುಣ್ಣವನ್ನೂ ಅಲ್ಲೇ ಅಳತೆಯಲ್ಲಿ ಹಾಕಿ, ತಿಳಿಯನ್ನು ಮಾತ್ರ ಒಳಗೆ ಬಿಡುತ್ತೇವೆ. ಸುಣ್ಣ ಅತಿಯಾದರೆ ಕಾಳಿನ ಮೇಲೆ ಕ್ಯಾಲ್ಸಿಯಂ ಕಾರ್ಬೊನೇಟ್ ಕಟ್ಟಿಕೊಳ್ಳುತ್ತದೆ.

ಈ ಜೀವಿಗಳಿಗೆ 35 ಡಿಗ್ರಿಯ ಬಿಸಿ ಇಷ್ಟ. ಡಿಸೆಂಬರ್‌ನ ನಮ್ಮ ಚಳಿಯಲ್ಲಿ ಗ್ಯಾಸ್ ಕಡಿಮೆ. ಬಿಸಿಲೇರಿ ರೊಬಸ್ಟಾ ಬರುವ ಹೊತ್ತಿಗೆ ಕೆಲಸದವರ ಚಹಾಕ್ಕೆ ಸಾಕಾಗುವಷ್ಟು ನೀಲಿ ಉರಿ.

ಹಂಗಾಮು ಮುಗಿದ ಮೇಲೆ ತಿಂಗಳುಗಟ್ಟಲೆ ಟ್ಯಾಂಕಿಗೆ ಉಪವಾಸ. ಮಳೆಗಾಲ ಕಳೆಯುವಷ್ಟರಲ್ಲಿ ಎಲ್ಲ ಸತ್ತಿರುತ್ತದೆ, ಪ್ರತಿವರ್ಷ ಕೆಸರು ಕೊಳ್ಳಬೇಕು ಎಂದೇ ಕಂಪನಿಯವರು ಹೆದರಿಸಿದ್ದರು. ತೊಟ್ಟಿ ಕಟ್ಟಿಸಿದ ಮೇಲೆ ಒಂದು ಬುಟ್ಟಿ ಕೆಸರನ್ನೂ ಕೊಂಡಿಲ್ಲ. ಮುಚ್ಚಳ ಬಿಗಿಯಾಗಿ ಹಾಕಿಟ್ಟು, ನವೆಂಬರ್‌ನಲ್ಲಿ ತೆಳು ನೀರನ್ನು ಸ್ವಲ್ಪ ಸ್ವಲ್ಪವೇ ಉಣಿಸಿದರೆ ಕೆಲವೇ ವಾರಗಳಲ್ಲಿ ಗುಳ್ಳೆ ಏಳುತ್ತದೆ. ಇಷ್ಟು ಬಾಳಿಕೆಯ ಕೆಲಸಗಾರರು ಈ ಕಾಲದಲ್ಲಿ ತೋಟಕ್ಕೆ ಸಿಗುವುದುಂಟೇ?

ಹೊರಬರುವ ನೀರು ನೇರವಾಗಿ ಹೇಮಾವತಿಗೆ ಬಿಡುವಂಥದ್ದಲ್ಲ. ನಾವು ಗಾಳಿಯಾಡುವ ಹೊಂಡದಲ್ಲಿ ನಿಲ್ಲಿಸಿ ಆಮೇಲೆ ಬಳಸುತ್ತೇವೆ. ಹಣ್ಣನ್ನೇ ಮಾರುವವರಿಗೆ, ಪಲ್ಪ್ ಮಾಡದೆ ಇಡೀ ಹಣ್ಣನ್ನೇ ಚೆರ್ರಿಯಾಗಿ ಒಣಗಿಸುವವರಿಗೆ ಇದು ಬೇಡದ ಖರ್ಚು. ಸ್ವಂತ ಪಲ್ಪರ್ ಇದ್ದವರು ಧಾರಾಳವಾಗಿ ಹಾಕಿಸಬಹುದು, ಮೊದಲು ತೊಟ್ಟಿ ಕಟ್ಟಿಸಿಕೊಂಡು. ವಾರ್ಷಿಕ ಸರ್ವಿಸ್ ಕರಾರಿಗೆ ಮಾತ್ರ ಸಹಿ ಹಾಕಬೇಡಿ. ಕರೆದಾಗ ಯಾರೂ ಬರುವುದಿಲ್ಲ.